ಹಳೇ ಜರ್ಮೇನಿಯಂ ಫಜ್‌ಗೆ ಹಂಚಿಕೊಂಡ ಪವರ್ ಸಪ್ಲೈ: ಬೋರ್ಡ್ ಸತ್ತುಹೋಗದಂತೆ ಜೋಡಿಸುವುದು ಹೇಗೆ

ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಪೆಡಲ್, ಅಂದರೆ ಗಿಟಾರಿನ ಸದ್ದನ್ನು ಒಡೆದು ಒರಟಾಗಿಸುವ ಡಬ್ಬಿ, ಹೊಸದಾಗಿ ತಂದವರಿಗೆ ಮೊದಲ ತಲೆನೋವು ಬರುವುದು ಕರೆಂಟಿನ ಕಡೆಯಿಂದ. ಪೆಡಲ್ ಒಂದನ್ನೇ ಅಡಾಪ್ಟರಿಗೆ ಹಾಕಿ ನುಡಿಸಿದರೆ ಎಲ್ಲ ಸರಿ ಇರುತ್ತದೆ. ಅದೇ ಅಡಾಪ್ಟರಿನಿಂದ ಡಿಲೇ, ಓವರ್‌ಡ್ರೈವ್, ಟ್ಯೂನರ್‌ಗೂ ಕವಲು ತೆಗೆದು (ಇದಕ್ಕೆ ಡೈಸಿ ಚೈನ್ ಅನ್ನುತ್ತಾರೆ), ಫಜ್‌ನಿಂದ ಮುಂದಿನ ಪೆಡಲ್‌ಗೆ ಪ್ಯಾಚ್ ಕೇಬಲ್ ಸಿಕ್ಕಿಸಿದಿರಿ ಅನ್ನಿ. ಅಷ್ಟೇ, ಬೋರ್ಡಿನ ಮೇಲಿನ ಎಲ್‌ಇಡಿಗಳೆಲ್ಲ ಒಟ್ಟಿಗೆ ಆರುತ್ತವೆ. ಕೇಬಲ್ ಕಿತ್ತರೆ ಮತ್ತೆ ಹೊತ್ತಿಕೊಳ್ಳುತ್ತವೆ. ಕೇಬಲ್ ಕೆಟ್ಟಿದೆ ಅಂತ ಎರಡು ಮೂರು ಕೇಬಲ್ ಬದಲಾಯಿಸಿ ನೋಡಿದವರು ಎಷ್ಟೋ ಜನ. ಕೇಬಲ್ ಚೆನ್ನಾಗೇ ಇರುತ್ತದೆ. ತೊಂದರೆ ಇರುವುದು ಫಜ್‌ನ ಗ್ರೌಂಡ್‌ನಲ್ಲಿ.

ಇದು 1960ರ ದಶಕದಿಂದ ಬಂದ ಬಳುವಳಿ. ಆಗಿನ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲಿ ಹೆಚ್ಚಿನವು ಪಿಎನ್‌ಪಿ ಜಾತಿಯವು. ಎನ್-ಟೈಪ್ ಜರ್ಮೇನಿಯಂನ ತೆಳುವಾದ ಚೂರಿನ ಎರಡೂ ಬದಿಗೆ ಇಂಡಿಯಂನ ಪುಟ್ಟ ಉಂಡೆ ಇಟ್ಟು ಕಾಯಿಸಿ ಕೂಡಿಸುತ್ತಿದ್ದರು. ಆ ವಿಧಾನದಲ್ಲಿ ಪಿಎನ್‌ಪಿ ಮಾಡುವುದು ಸುಲಭ. ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಎಮಿಟರ್, ಕಲೆಕ್ಟರ್ ಎರಡು. ಪಿಎನ್‌ಪಿಯ ಎಮಿಟರನ್ನು ಗ್ರೌಂಡ್‌ಗೆ ಕೊಟ್ಟರೆ ಕಲೆಕ್ಟರಿಗೆ ನೆಗೆಟಿವ್ ವೋಲ್ಟೇಜ್ ಬೇಕು. ಅಂದರೆ ಬ್ಯಾಟರಿಯ ಪ್ಲಸ್ ತುದಿಯೇ ಗ್ರೌಂಡ್. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ (ಆಮೇಲೆ ಡಲ್ಲಾಸ್ ಆರ್ಬಿಟರ್) ತಂದ ದುಂಡನೆಯ ಫಜ್ ಫೇಸ್, ಅದಕ್ಕೂ ಮೊದಲಿನ ಟೋನ್ ಬೆಂಡರ್, ಒಂದೇ ಒಂದು ಒಸಿ44 ಟ್ರಾನ್ಸಿಸ್ಟರ್ ಇಟ್ಟುಕೊಂಡ ರೇಂಜ್‌ಮಾಸ್ಟರ್ ಬೂಸ್ಟರ್, ಎಲ್ಲವೂ ಹೀಗೇ. ಆಗ ಯಾರಿಗೂ ಇದು ತೊಂದರೆ ಅನ್ನಿಸಲಿಲ್ಲ. ಪ್ರತಿ ಡಬ್ಬಿಯೊಳಗೂ ಅದರದ್ದೇ ಬ್ಯಾಟರಿ ಇರುತ್ತಿತ್ತು. ಒಂದೇ ಅಡಾಪ್ಟರಿನಿಂದ ಹತ್ತು ಪೆಡಲ್ ಓಡಿಸುವ ಅಭ್ಯಾಸ ಬಂದಿದ್ದು ಆಮೇಲೆ.

ಎರಡು ಪ್ರಶ್ನೆ, ಬೇರೆ ಬೇರೆ

ಮುಂದಕ್ಕೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಅರ್ಧ ಸಲಹೆ ದಾರಿ ತಪ್ಪುವುದು ಇಲ್ಲೇ.

ಪವರ್ ಜಾಕ್‌ನ ಮಧ್ಯದ ಪಿನ್ ಪ್ಲಸ್ಸೋ ಮೈನಸ್ಸೋ? ಇದು ಮೊದಲ ಪ್ರಶ್ನೆ. ಬಾಸ್ (Boss) ಕಂಪನಿಯ ಪೆಡಲ್‌ಗಳ ರೂಢಿಯಂತೆ ಈಗ ಹೆಚ್ಚಿನವುಗಳಲ್ಲಿ ಮಧ್ಯದ ಪಿನ್ ನೆಗೆಟಿವ್, ಹೊರಗಿನ ಉಂಗುರ ಪಾಸಿಟಿವ್. ಗಿಟಾರ್ ಸಿಗ್ನಲ್‌ನ ಗ್ರೌಂಡ್, ಅಂದರೆ ಪ್ಯಾಚ್ ಕೇಬಲ್ಲಿನ ಹೊರಗವಚ ಮತ್ತು ಪೆಡಲಿನ ಲೋಹದ ಡಬ್ಬಿ, ಬ್ಯಾಟರಿಯ ಯಾವ ತುದಿಗೆ ಸೇರಿದೆ? ಇದು ಎರಡನೆಯದು.

ಮೊದಲನೆಯದು ಬರೀ ಪ್ಲಗ್ಗಿನ ಆಕಾರದ ವಿಷಯ. ಅದು ಹೊಂದದಿದ್ದರೆ ಪ್ಲಸ್ ಮೈನಸ್ ಅದಲುಬದಲು ಮಾಡುವ ಕೇಬಲ್ ಸಿಗುತ್ತದೆ, ಮುಗಿಯಿತು. ಎರಡನೆಯದು ಸರ್ಕ್ಯೂಟಿನ ಗುಣ. ಅದನ್ನು ಯಾವ ಕೇಬಲ್ಲೂ ಬದಲಾಯಿಸುವುದಿಲ್ಲ. 'ಪಾಸಿಟಿವ್ ಗ್ರೌಂಡ್ ಪೆಡಲ್ ಅಲ್ವಾ, ರಿವರ್ಸ್ ಕೇಬಲ್ ಹಾಕಿ ಡೈಸಿ ಚೈನ್‌ಗೇ ಕೊಡಿ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಯಾಕೆ ಅಂತ ಕರೆಂಟಿನ ದಾರಿ ಹಿಡಿದು ನೋಡೋಣ. ಡೈಸಿ ಚೈನ್‌ನಲ್ಲಿ ಎಲ್ಲ ಪೆಡಲ್‌ಗಳ ಪ್ಲಸ್ ಒಂದು ತಂತಿ, ಮೈನಸ್ ಒಂದು ತಂತಿ. ನಿಮ್ಮ ಓವರ್‌ಡ್ರೈವ್ ನೆಗೆಟಿವ್ ಗ್ರೌಂಡ್, ಹಾಗಾಗಿ ಅದರ ಡಬ್ಬಿ ಮೈನಸ್‌ನಲ್ಲಿದೆ. ಫಜ್ ಪಾಸಿಟಿವ್ ಗ್ರೌಂಡ್, ಅದರ ಡಬ್ಬಿ ಪ್ಲಸ್‌ನಲ್ಲಿದೆ. ಈಗ ಪ್ಯಾಚ್ ಕೇಬಲ್ ಹಾಕಿದಿರಿ. ಕೇಬಲ್ಲಿನ ಹೊರಗವಚ ಎರಡೂ ಡಬ್ಬಿಗಳನ್ನು ಕೂಡಿಸಿತು. ಅಂದರೆ ಅಡಾಪ್ಟರಿನ ಪ್ಲಸ್ಸು ಮೈನಸ್ಸು ನೇರವಾಗಿ ಶಾರ್ಟ್ ಆದವು, ಅದೂ ನಿಮ್ಮ ಸಿಗ್ನಲ್ ಕೇಬಲ್ಲಿನ ಮೂಲಕವೇ. ಇವತ್ತಿನ ಸ್ವಿಚಿಂಗ್ ಅಡಾಪ್ಟರ್ ಆದರೆ ತನ್ನನ್ನು ತಾನೇ ಆಫ್ ಮಾಡಿಕೊಂಡು ಟಿಕ್ ಟಿಕ್ ಅನ್ನುತ್ತಾ ಕೂರುತ್ತದೆ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಎಲಿಮಿನೇಟರ್ ಆದರೆ ಬಿಸಿಯಾಗಿ ವಾಸನೆ ಬರುವವರೆಗೂ ಸುಮ್ನೆ ಕರೆಂಟ್ ಕೊಡುತ್ತಲೇ ಇರುತ್ತದೆ.

ಮೊದಲು ಪೆಡಲನ್ನು ಪರೀಕ್ಷಿಸಿ

ಪೆಡಲಿನ ಮೇಲೆ ಬರೆದಿರುವುದನ್ನು ಪೂರ್ತಿ ನಂಬಬೇಡಿ. ಕೈಯಲ್ಲಿ ಮಾಡಿದ ಪೆಡಲ್‌ಗಳಲ್ಲಂತೂ ಎಷ್ಟೋ ಸಲ ಏನೂ ಬರೆದಿರುವುದೇ ಇಲ್ಲ. ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು, ಬೀಪ್ ಅನ್ನುವ ಕಂಟಿನ್ಯೂಟಿ ಮೋಡ್ ಇದ್ದರೆ ಆಯಿತು.

ಬ್ಯಾಟರಿ ತೆಗೆಯಿರಿ, ಅಡಾಪ್ಟರ್ ಕೀಳಿ. ಇನ್‌ಪುಟ್ ಜಾಕ್‌ಗೆ ಗಿಟಾರ್ ಕೇಬಲ್ಲಿನ ಒಂದು ತುದಿಯನ್ನು ಪೂರ್ತಿ ಸಿಕ್ಕಿಸಿ. ಈ ಹೆಜ್ಜೆ ಬಿಟ್ಟರೆ ಮೀಟರ್ ಬಾಯಿ ಬಿಡುವುದೇ ಇಲ್ಲ. ಯಾಕೆಂದರೆ ಈ ಪೆಡಲ್‌ಗಳಲ್ಲಿ ಇನ್‌ಪುಟ್ ಜಾಕ್ ಸ್ಟೀರಿಯೋ ಜಾಕ್ ಆಗಿರುತ್ತದೆ, ಬ್ಯಾಟರಿಯ ಗ್ರೌಂಡ್ ತುದಿ ಅದರ ನಡುವಿನ ರಿಂಗ್‌ಗೆ ಹೋಗಿರುತ್ತದೆ. ಮಾಮೂಲಿ ಮೋನೋ ಪ್ಲಗ್ ಒಳಗೆ ಹೋದಾಗ ಮಾತ್ರ ಅದು ರಿಂಗನ್ನು ಸ್ಲೀವ್‌ಗೆ, ಅಂದರೆ ಪ್ಲಗ್ಗಿನ ಉದ್ದನೆಯ ಲೋಹದ ಭಾಗ ಮುಟ್ಟುವ ಜಾಗಕ್ಕೆ, ಕೂಡಿಸುತ್ತದೆ. ಪೆಡಲ್ ಆನ್ ಆಗುವುದೇ ಹೀಗೆ. ಇದೇ ಕಾರಣಕ್ಕೆ, ನುಡಿಸದಿದ್ದಾಗ ಇನ್‌ಪುಟ್ ಕೇಬಲ್ ಕಿತ್ತಿಡಬೇಕು.

ಈಗ ಮೀಟರಿನ ಒಂದು ಕಡ್ಡಿಯನ್ನು ಗಿಟಾರ್ ಕೇಬಲ್ಲಿನ ಇನ್ನೊಂದು ತುದಿಯ ಉದ್ದನೆಯ ಲೋಹದ ಭಾಗಕ್ಕೆ ಮುಟ್ಟಿಸಿ. ಇನ್ನೊಂದು ಕಡ್ಡಿಯನ್ನು ಬ್ಯಾಟರಿ ಕ್ಲಿಪ್ಪಿನ ಕೆಂಪು ತಂತಿ ಸೇರುವ ಗುಂಡಿಗೆ. ಬೀಪ್ ಅಂದರೆ ಪಾಸಿಟಿವ್ ಗ್ರೌಂಡ್. ಕಪ್ಪು ತಂತಿಯ ಗುಂಡಿಗೆ ಮುಟ್ಟಿಸಿದಾಗ ಬೀಪ್ ಅಂದರೆ ನೆಗೆಟಿವ್ ಗ್ರೌಂಡ್. ಎರಡಕ್ಕೂ ಬೀಪ್ ಬಂದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಅದನ್ನು ಸರಿ ಮಾಡುವವರೆಗೆ ಯಾವ ಕರೆಂಟೂ ಕೊಡಬೇಡಿ. ಯಾವುದಕ್ಕೂ ಬರದಿದ್ದರೆ ಪ್ಲಗ್ ಪೂರ್ತಿ ಹೋಗಿದೆಯಾ ಅಂತ ನೋಡಿ.

ಪವರ್ ಜಾಕ್ ಇದ್ದರೆ ಅದನ್ನೂ ಇದೇ ರೀತಿ ನೋಡಿ ಬರೆದಿಟ್ಟುಕೊಳ್ಳಿ: ಕೇಬಲ್ಲಿನ ಸ್ಲೀವ್ ಜೊತೆ ಬೀಪ್ ಅನ್ನುವುದು ಮಧ್ಯದ ಪಿನ್ನೋ, ಪಕ್ಕದ ಸ್ಪ್ರಿಂಗ್ ತಗಡೋ? ಪಾಸಿಟಿವ್ ಗ್ರೌಂಡ್ ಪೆಡಲಿನಲ್ಲಿ ಮಧ್ಯದ ಪಿನ್ ಬೀಪ್ ಅಂದರೆ ಅದು ಸೆಂಟರ್ ಪಾಸಿಟಿವ್, ರಿವರ್ಸ್ ಕೇಬಲ್ ಬೇಕು. ಪಕ್ಕದ ತಗಡು ಅಂದರೆ ಮಾಮೂಲಿ ಕೇಬಲ್ಲೇ ಸಾಕು. ಎರಡೂ ಥರದವು ಮಾರುಕಟ್ಟೆಯಲ್ಲಿವೆ.

ಹೆಸರು ನೋಡಿ ಊಹೆ ಮಾಡುವುದಾದರೆ ಇಷ್ಟು ನೆನಪಿಡಿ. ಎಸಿ128, ಎನ್‌ಕೆಟಿ275, ಒಸಿ44, ಒಸಿ75 ಇವೆಲ್ಲ ಪಿಎನ್‌ಪಿ ಜರ್ಮೇನಿಯಂ. ಎಸಿ127 ಜರ್ಮೇನಿಯಂ ಆದರೂ ಎನ್‌ಪಿಎನ್, ಅಂದರೆ ಪಿಎನ್‌ಪಿಯ ಉಲ್ಟಾ, ಮೈನಸ್ ತುದಿಯೇ ಗ್ರೌಂಡ್. ಬಿಸಿ108 ಇಟ್ಟುಕೊಂಡ ಫಜ್ ಫೇಸ್‌ಗಳು ಸಿಲಿಕಾನ್ ಮತ್ತು ಎನ್‌ಪಿಎನ್, ಅವುಗಳಿಗೆ ಈ ಇಡೀ ಲೇಖನದ ರಗಳೆಯೇ ಇಲ್ಲ. ಹೊಸದಾಗಿ ಪೆಡಲ್ ಕೊಳ್ಳುವವರು, ಬೋರ್ಡ್ ತುಂಬಾ ಬೇರೆ ಪೆಡಲ್‌ಗಳೂ ಇರುವವರು, ಎನ್‌ಪಿಎನ್ ಜರ್ಮೇನಿಯಂ ಇರುವ ಫಜ್ ಕೇಳಿ ತಗೊಳ್ಳುವುದು ಜಾಣತನ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಗಿಬ್ಸನ್ ಕಂಪನಿಯ ಮ್ಯಾಸ್ಟ್ರೋ ಫಜ್-ಟೋನ್ 1962ರದ್ದು, ಎಲ್ಲಕ್ಕಿಂತ ಮೊದಲು ಅಂಗಡಿಗೆ ಬಂದ ಫಜ್‌ಗಳಲ್ಲಿ ಒಂದು. ಅದು ಓಡುವುದು 1.5 ವೋಲ್ಟ್‌ನ ಎರಡು ಸೆಲ್‌ನಲ್ಲಿ, ಒಟ್ಟು 3 ವೋಲ್ಟ್. ಆಮೇಲಿನ ಎಫ್‌ಝಡ್-1ಎ ಮಾದರಿಗೆ ಒಂದೇ ಸೆಲ್. ಅದರ ನಕಲು ನಿಮ್ಮ ಹತ್ತಿರ ಇದ್ದರೆ 9 ವೋಲ್ಟ್ ಸಪ್ಲೈ ಹತ್ತಿರಕ್ಕೂ ತರಬೇಡಿ.

ಆಮೇಲೆ ಸಪ್ಲೈಯನ್ನು ಪರೀಕ್ಷಿಸಿ

ಪಿಎನ್‌ಪಿ ಫಜ್ ಅಂತ ಗೊತ್ತಾಯಿತು ಅನ್ನೋಣ. ಈಗ ನಿಮ್ಮ ಸಪ್ಲೈ ನಿಜವಾಗಿ ಐಸೋಲೇಟೆಡ್ (ಔಟ್‌ಪುಟ್‌ಗಳು ಒಳಗೆ ಒಂದಕ್ಕೊಂದು ಸೇರದೆ ಪ್ರತ್ಯೇಕ) ಹೌದಾ ಅನ್ನುವುದು ಮುಖ್ಯ. ಎಂಟು ಔಟ್‌ಪುಟ್ ಇದ್ದ ಮಾತ್ರಕ್ಕೆ ಎಂಟೂ ಬೇರೆ ಬೇರೆ ಅಂತಲ್ಲ. ಅಗ್ಗದ ಡಬ್ಬಿಗಳಲ್ಲಿ ಒಳಗೆ ಒಂದೇ 9 ವೋಲ್ಟ್ ಲೈನ್ ಇರುತ್ತದೆ, ಪ್ರತಿ ಸಾಕೆಟ್‌ಗೂ ಒಂದೊಂದು ಫ್ಯೂಸ್ ಹಾಕಿ 'ಐಸೋಲೇಟೆಡ್' ಅಂತ ದೊಡ್ಡದಾಗಿ ಮುದ್ರಿಸಿರುತ್ತಾರೆ. ಫ್ಯೂಸ್ ಬೇರೆ ಇದ್ದರೇನಂತೆ, ಗ್ರೌಂಡ್ ಒಂದೇ ಇದ್ದರೆ ಅದು ಚಂದದ ಡಬ್ಬಿಯೊಳಗಿನ ಡೈಸಿ ಚೈನೇ. ನನ್ನ ಹತ್ತಿರ ಅಂಥ ಒಂದು ಡಬ್ಬಿ ಇದೆ. ಮೀಟರ್ ಇಟ್ಟರೆ ಎಲ್ಲ ಸಾಕೆಟ್ಟೂ ಒಂದರ ಜೊತೆ ಒಂದು ಬೀಪ್ ಅನ್ನುತ್ತವೆ.

ಪರೀಕ್ಷೆ ಸುಲಭ. ಸಪ್ಲೈಯನ್ನು ಗೋಡೆಯಿಂದ ಕಿತ್ತು, ಎಲ್ಲ ಪೆಡಲ್‌ಗಳನ್ನೂ ಬಿಡಿಸಿ. ಎರಡು ಔಟ್‌ಪುಟ್‌ಗಳಿಗೆ ಪವರ್ ಕೇಬಲ್ ಸಿಕ್ಕಿಸಿ. ಒಂದರ ಮಧ್ಯದ ತೂತಿನಿಂದ ಇನ್ನೊಂದರ ಮಧ್ಯದ ತೂತಿಗೆ ಮೀಟರ್ ಇಡಿ. ಆಮೇಲೆ ಒಂದರ ಹೊರಮೈಯಿಂದ ಇನ್ನೊಂದರ ಹೊರಮೈಗೆ. ಎರಡರಲ್ಲೂ ಮೀಟರ್ ಸುಮ್ಮನಿದ್ದರೆ ಆ ಎರಡು ಔಟ್‌ಪುಟ್ ಪ್ರತ್ಯೇಕ. ಬೀಪ್ ಬಂದರೆ ಒಳಗೆ ಕೂಡಿಕೊಂಡಿವೆ. ಕೆಲವು ಸಪ್ಲೈಗಳಲ್ಲಿ ಅರ್ಧ ಔಟ್‌ಪುಟ್ ಪ್ರತ್ಯೇಕ, ಉಳಿದರ್ಧ ಗುಂಪಾಗಿ ಇರುತ್ತವೆ. ಹಾಗಾಗಿ ಫಜ್‌ಗೆ ಕೊಡಬೇಕೆಂದಿರುವ ಔಟ್‌ಪುಟ್ಟನ್ನು ಉಳಿದ ಪ್ರತಿಯೊಂದರ ಜೊತೆಗೂ ನೋಡಿ.

ಅಮೆರಿಕದಿಂದ ನೆಂಟರ ಕೈಯಲ್ಲಿ ತರಿಸಿಕೊಂಡ ಸಪ್ಲೈ ಆದರೆ ತಳದ ಚೀಟಿ ಓದಿ. ಟ್ರಾನ್ಸ್‌ಫಾರ್ಮರ್ ಇರುವ, ಬರೀ 120 ವೋಲ್ಟ್ ಅಂತ ಬರೆದಿರುವ ಡಬ್ಬಿಯನ್ನು ನಮ್ಮ 230 ವೋಲ್ಟ್‌ಗೆ ಹಾಕಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು. 100ರಿಂದ 240 ಅಂತ ಇದ್ದರೆ ಚಿಂತೆ ಇಲ್ಲ.

ದಾರಿ ಒಂದು: ಪ್ರತ್ಯೇಕ ಔಟ್‌ಪುಟ್

ನಿಜವಾದ ಐಸೋಲೇಟೆಡ್ ಔಟ್‌ಪುಟ್ ಇದ್ದರೆ ಕೆಲಸ ಅರ್ಧ ನಿಮಿಷದ್ದು. ಫಜ್‌ಗೆ ಒಂದು ಔಟ್‌ಪುಟ್ ಪೂರ್ತಿಯಾಗಿ ಬಿಟ್ಟುಕೊಡಿ. ಜಾಕ್‌ಗೆ ತಕ್ಕ ಕೇಬಲ್ ಹಾಕಿ, ಅಷ್ಟೇ. ಪ್ಯಾಚ್ ಕೇಬಲ್ ಹಾಕಿದಾಗ ಈ ಔಟ್‌ಪುಟ್ಟಿನ ಪ್ಲಸ್ ಉಳಿದವುಗಳ ಮೈನಸ್‌ಗೆ ಸೇರುವುದು ನಿಜ. ಆದರೆ ಕರೆಂಟ್ ಹರಿಯಬೇಕಾದರೆ ಹೋದ ದಾರಿಗೆ ವಾಪಸ್ ಬರುವ ದಾರಿಯೂ ಬೇಕಲ್ವಾ? ಇಲ್ಲಿ ಎರಡು ಔಟ್‌ಪುಟ್ ನಡುವೆ ಒಂದೇ ಒಂದು ಕೂಡುವ ಜಾಗ ಇದೆ, ಎರಡನೆಯದಿಲ್ಲ. ಹಾಗಾಗಿ ಶಾರ್ಟ್ ಆಗುವುದಿಲ್ಲ.

ಎರಡು ಪಿಎನ್‌ಪಿ ಪೆಡಲ್ ಇದ್ದರೆ, ಉದಾಹರಣೆಗೆ ಒಂದು ರೇಂಜ್‌ಮಾಸ್ಟರ್ ಥರದ ಬೂಸ್ಟರ್ ಮತ್ತು ಒಂದು ಫಜ್ ಫೇಸ್, ಅವೆರಡೂ ಒಂದೇ ಔಟ್‌ಪುಟ್ಟನ್ನು ಹಂಚಿಕೊಳ್ಳಬಹುದು. ಇಬ್ಬರ ಗ್ರೌಂಡೂ ಪ್ಲಸ್ಸೇ ಆದ್ದರಿಂದ ಜಗಳವಿಲ್ಲ. ಆ ಕವಲಿಗೆ ನೆಗೆಟಿವ್ ಗ್ರೌಂಡ್ ಪೆಡಲ್ ಒಂದೂ ಸೇರಬಾರದು, ಅಷ್ಟು ನೋಡಿಕೊಳ್ಳಿ.

ರಿವರ್ಸ್ ಕೇಬಲ್ ಬಳಸಿದರೆ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ. ನೋಡಲು ಎಲ್ಲ ಕೇಬಲ್ಲೂ ಒಂದೇ ಥರ. ಕಾರ್ಯಕ್ರಮದ ದಿನ ಕತ್ತಲೆಯಲ್ಲಿ ಅದೇ ಕೇಬಲ್ ಡಿಲೇ ಪೆಡಲಿಗೆ ಹೋದರೆ, ಒಳಗೆ ರಕ್ಷಣೆಗೆ ಡಯೋಡ್ ಇಲ್ಲದಿದ್ದರೆ, ದುಬಾರಿ ಪಾಠ.

'500 ಮಿಲಿ ಆಂಪ್ ಔಟ್‌ಪುಟ್ಟಿಗೆ ಫಜ್ ಹಾಕಿದರೆ ಸುಟ್ಟು ಹೋಗಲ್ವಾ?' ಅಂತ ಆಗಾಗ ಕೇಳುತ್ತಾರೆ. ಇಲ್ಲ. ಪೆಡಲ್ ತನಗೆ ಬೇಕಾದಷ್ಟು ಮಾತ್ರ ಎಳೆದುಕೊಳ್ಳುತ್ತದೆ. ಸುಡುವುದು ವೋಲ್ಟೇಜ್ ಜಾಸ್ತಿಯಾದರೆ, ಇಲ್ಲವೇ ಪ್ಲಸ್ ಮೈನಸ್ ಉಲ್ಟಾ ಆದರೆ. ಆದರೂ ದೊಡ್ಡ ಔಟ್‌ಪುಟ್ ಡಿಜಿಟಲ್ ಪೆಡಲ್‌ಗಳಿಗೆ ಬೇಕಾಗುತ್ತದೆ, ಫಜ್‌ಗೆ ಅತಿ ಚಿಕ್ಕದು ಕೊಡಿ.

ಎಷ್ಟು ಚಿಕ್ಕದು ಸಾಕು ಅಂತ ಲೆಕ್ಕ ಹಾಕೋಣ. ಫಜ್ ಫೇಸ್‌ನಲ್ಲಿ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ದಾರಿಯಲ್ಲಿ 8.2 ಕಿಲೋ ಓಮ್ ಮತ್ತು 470 ಓಮ್ ಇವೆ, ಅವುಗಳ ಮೇಲೆ ಬೀಳುವುದು ಸುಮಾರು 4.5 ವೋಲ್ಟ್. ಅಲ್ಲಿಗೆ ಅರ್ಧ ಮಿಲಿ ಆಂಪ್. ಮೊದಲನೆಯದಕ್ಕೆ 33 ಕಿಲೋ ಓಮ್ ಮೂಲಕ ಕಾಲು ಮಿಲಿ ಆಂಪ್. ಒಟ್ಟು ಒಂದು ಮಿಲಿ ಆಂಪ್ ಕೂಡ ಇಲ್ಲ. ಪೆಡಲಿನ ಮೇಲೆ ಎಲ್‌ಇಡಿ ಇದ್ದರೆ ಆ ದೀಪವೇ ಇಡೀ ಸರ್ಕ್ಯೂಟಿಗಿಂತ ಜಾಸ್ತಿ ತಿನ್ನುತ್ತದೆ.

ದಾರಿ ಎರಡು: ಬ್ಯಾಟರಿ

ಈ ಲೆಕ್ಕ ನೋಡಿದ ಮೇಲೆ ಬ್ಯಾಟರಿಯ ಬಗ್ಗೆ ಮೂಗು ಮುರಿಯಲು ಕಾರಣವೇ ಇಲ್ಲ. ಸಾಧಾರಣ ಕಾರ್ಬನ್-ಜಿಂಕ್ 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 400 ಮಿಲಿ ಆಂಪ್-ಗಂಟೆ ಇರುತ್ತದೆ. ಎಲ್‌ಇಡಿ ಇಲ್ಲದ ಫಜ್ ಫೇಸ್‌ಗೆ ಅದು 500 ಗಂಟೆಯ ಹತ್ತಿರ ಬರುತ್ತದೆ. ವಾರಕ್ಕೆ ಐದಾರು ಗಂಟೆ ನುಡಿಸುವವರಿಗೆ ವರ್ಷಕ್ಕೊಂದು ಬ್ಯಾಟರಿ ಸಾಕು, ಇನ್‌ಪುಟ್ ಕೇಬಲ್ ಕಿತ್ತಿಡುವುದನ್ನು ಮರೆಯದಿದ್ದರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಬೇಕೆಂದರೆ, ಬೋರ್ಡಿನಲ್ಲಿ ಒಂದೇ ಪಿಎನ್‌ಪಿ ಫಜ್ ಇದ್ದು ಐಸೋಲೇಟೆಡ್ ಸಪ್ಲೈ ಇಲ್ಲದಿದ್ದರೆ ಬ್ಯಾಟರಿಯೇ ಒಳ್ಳೆಯದು. ಗುಂಯ್ ಅನ್ನುವ ಸದ್ದಿಲ್ಲ, ಗ್ರೌಂಡ್ ತಕರಾರಿಲ್ಲ. ನಲವತ್ತು ಐವತ್ತು ರೂಪಾಯಿಯ ವಸ್ತುವಿನ ಬದಲಿಗೆ ಹತ್ತು ಹನ್ನೆರಡು ಸಾವಿರದ ಸಪ್ಲೈ ಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಿ. ಫಜ್ ಫೇಸ್‌ನ ದುಂಡನೆಯ ದೊಡ್ಡ ಡಬ್ಬಿಯ ತಳ ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಗುತ್ತದೆ ಅನ್ನುವುದೊಂದೇ ಕಿರಿಕಿರಿ.

ದಾರಿ ಮೂರು: ಚಾರ್ಜ್ ಪಂಪ್

ಡೈಸಿ ಚೈನ್ ಬಿಟ್ಟುಕೊಡುವ ಮನಸ್ಸಿಲ್ಲ, ಬ್ಯಾಟರಿಯೂ ಬೇಡ ಅನ್ನುವವರಿಗೆ ಇದು. ಎಂಟು ಕಾಲಿನ ಒಂದು ಪುಟ್ಟ ಐಸಿ +9 ವೋಲ್ಟ್ ತಗೊಂಡು −9 ವೋಲ್ಟ್ ಕೊಡುತ್ತದೆ. ಗ್ರೌಂಡ್ ಎಲ್ಲರಿಗೂ ಒಂದೇ ಉಳಿಯುತ್ತದೆ, ಪಿಎನ್‌ಪಿಗೆ ಬೇಕಾದ ನೆಗೆಟಿವ್ ವೋಲ್ಟೇಜೂ ಸಿಗುತ್ತದೆ. ಸೋಲ್ಡರಿಂಗ್ ಐರನ್ ಹಿಡಿದು ರೂಢಿ ಇರುವವರು ಒಂದು ಸಂಜೆಯಲ್ಲಿ ಮಾಡಬಹುದು. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಭಾಗಗಳೆಲ್ಲ ಸೇರಿ ದೊಡ್ಡ ಖರ್ಚೇನಿಲ್ಲ.

ಐಸಿ ಆಯ್ಕೆಯಲ್ಲೇ ಎಡವುವವರು ಜಾಸ್ತಿ. ಹಳೆಯ ಐಸಿಎಲ್7660 ಮತ್ತು ಮ್ಯಾಕ್ಸ್1044 ತಡೆದುಕೊಳ್ಳುವುದು 10 ವೋಲ್ಟ್ ತನಕ ಮಾತ್ರ. ರೆಗ್ಯುಲೇಟರ್ ಇಲ್ಲದ 9 ವೋಲ್ಟ್ ಎಲಿಮಿನೇಟರ್ ಲೋಡ್ ಇಲ್ಲದಾಗ 12, 13 ವೋಲ್ಟ್ ಕೊಡುತ್ತದೆ. ಐಸಿ ಆ ಕ್ಷಣವೇ ಹೋಗುತ್ತದೆ. ಟಿಸಿ1044ಎಸ್ ಅಥವಾ ಐಸಿಎಲ್7660ಎಸ್ ಕೇಳಿ, ಅವು 12 ವೋಲ್ಟ್ ತನಕ ಸಹಿಸುತ್ತವೆ. ಹೆಸರಿನ ಕೊನೆಯ 'ಎಸ್' ಬಿಡಬೇಡಿ. ಎಲ್‌ಟಿ1054 ಇನ್ನೂ ಗಟ್ಟಿ, ಆದರೆ ಅದರ ಒಂದನೇ ಕಾಲಿನ ಕೆಲಸ ಬೇರೆ, ಅದನ್ನು ಕೆಳಗೆ ಹೇಳಿದ ಹಾಗೆ ಜೋಡಿಸಬಾರದು, ಖಾಲಿ ಬಿಡಬೇಕು.

ಟಿಸಿ1044ಎಸ್‌ಗೆ ಜೋಡಣೆ ಹೀಗೆ:

1. ಸಪ್ಲೈನ +9 ವೋಲ್ಟನ್ನು ಒಂದು 1ಎನ್5817 ಡಯೋಡ್ ಮೂಲಕ 8ನೇ ಕಾಲಿಗೆ ಕೊಡಿ. ಡಯೋಡಿನ ಪಟ್ಟಿ ಐಸಿ ಕಡೆಗಿರಲಿ. ಉಲ್ಟಾ ಅಡಾಪ್ಟರ್ ಹಾಕಿದರೂ ಏನೂ ಆಗುವುದಿಲ್ಲ.
2. 3ನೇ ಕಾಲು ಗ್ರೌಂಡ್. 8 ಮತ್ತು ಗ್ರೌಂಡ್ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ಲಸ್ 8ರ ಕಡೆ.
3. 2 ಮತ್ತು 4ರ ನಡುವೆ 10 ಮೈಕ್ರೋಫ್ಯಾರಡ್, ಪ್ಲಸ್ 2ರ ಕಡೆ.
4. 1ನೇ ಕಾಲನ್ನು 8ಕ್ಕೆ ಕೂಡಿಸಿ. 6 ಮತ್ತು 7 ಖಾಲಿ ಇರಲಿ.
5. 5ನೇ ಕಾಲಿನಿಂದ −9 ವೋಲ್ಟ್ ಬರುತ್ತದೆ. ಅಲ್ಲಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್. ಇಲ್ಲಿ ಕೆಪಾಸಿಟರಿನ ಪ್ಲಸ್ ಗ್ರೌಂಡ್ ಕಡೆಗೆ! ಎಲ್ಲರ ಕೈ ತಪ್ಪುವ ಜಾಗ ಇದು.
6. 5ನೇ ಕಾಲಿನಿಂದ 100 ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡ್‌ಗೆ ಇನ್ನೊಂದು 100 ಮೈಕ್ರೋಫ್ಯಾರಡ್, ಪ್ಲಸ್ ಮತ್ತೆ ಗ್ರೌಂಡ್ ಕಡೆಗೆ. ಅಲ್ಲಿಂದ ಫಜ್‌ನ ನೆಗೆಟಿವ್ ತಂತಿಗೆ, ಅಂದರೆ ಬ್ಯಾಟರಿಯ ಕಪ್ಪು ತಂತಿ ಸೇರುತ್ತಿದ್ದ ಜಾಗಕ್ಕೆ.

ನಾಲ್ಕನೇ ಹೆಜ್ಜೆ ಬಿಟ್ಟರೆ ಐಸಿ ಸುಮಾರು 10 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ, ಅದು ಕಿವಿಗೆ ಕೇಳುವ ವ್ಯಾಪ್ತಿ. ಫಜ್ ಅದನ್ನು ಹಿಗ್ಗಿಸಿ ಸೊಳ್ಳೆಯ ಹಾಗೆ ಕೀಂಯ್ ಅನ್ನಿಸುತ್ತದೆ. 1ನ್ನು 8ಕ್ಕೆ ಕೂಡಿಸಿದರೆ ಓಟ 45 ಕಿಲೋಹರ್ಟ್ಸ್ ಹತ್ತಿರಕ್ಕೆ ಏರುತ್ತದೆ, ಕಿವಿಗೆ ಸಿಗುವುದಿಲ್ಲ. ಕೊನೆಯ 100 ಓಮ್ ಮತ್ತು 100 ಮೈಕ್ರೋಫ್ಯಾರಡ್ ಜೋಡಿ ಸುಮಾರು 16 ಹರ್ಟ್ಸ್‌ಗಿಂತ ಮೇಲಿನ ಗಲಾಟೆಯನ್ನೆಲ್ಲ ಇಳಿಸುತ್ತದೆ. ಫಜ್ ಎಳೆಯುವುದು ಒಂದು ಮಿಲಿ ಆಂಪ್‌ಗಿಂತ ಕಡಿಮೆ ಆದ್ದರಿಂದ ಆ ರೆಸಿಸ್ಟರಿನಲ್ಲಿ ಕಳೆದುಹೋಗುವುದು 0.1 ವೋಲ್ಟ್ ಮಾತ್ರ.

ಐಸಿಗೆ ಸಾಕೆಟ್ ಹಾಕಿ. ಐಸಿ ಇಡುವ ಮುಂಚೆ ಕರೆಂಟ್ ಕೊಟ್ಟು ಸಾಕೆಟ್ಟಿನ 8ನೇ ಜಾಗದಲ್ಲಿ 9ರ ಹತ್ತಿರ ಬರುತ್ತಿದೆಯಾ ನೋಡಿ. ಆಮೇಲೆ ಕರೆಂಟ್ ತೆಗೆದು ಐಸಿ ಕೂರಿಸಿ, ಮತ್ತೆ ಕೊಟ್ಟು, ಮೀಟರಿನ ಕಪ್ಪು ಕಡ್ಡಿ ಗ್ರೌಂಡ್‌ನಲ್ಲಿಟ್ಟು ಔಟ್‌ಪುಟ್ ಅಳೆಯಿರಿ. −8.5ರಿಂದ −9ರ ಒಳಗೆ ಬಂದರೆ ಸರಿ. ಆಮೇಲಷ್ಟೇ ಫಜ್‌ಗೆ ಜೋಡಿಸಿ. ಡಬ್ಬಿಯೊಳಗೆ ಈ ಬೋರ್ಡನ್ನು ಇನ್‌ಪುಟ್ ತಂತಿಯಿಂದ ಆದಷ್ಟು ದೂರ ಇಡಿ. ಫಜ್ ಫೇಸ್‌ನ ದುಂಡು ಡಬ್ಬಿಯಲ್ಲಿ ಜಾಗಕ್ಕೇನೂ ಬರವಿಲ್ಲ.

ಗ್ರೌಂಡನ್ನೇ ತಿರುಗಿಸುವ ಉಪಾಯ

ಪಿಎನ್‌ಪಿ ಸರ್ಕ್ಯೂಟನ್ನು ಹಾಗೇ ಇಟ್ಟು, ಡಬ್ಬಿ ಮತ್ತು ಜಾಕ್‌ಗಳನ್ನು ಮಾತ್ರ ಮೈನಸ್‌ಗೆ ಕೂಡಿಸುವವರಿದ್ದಾರೆ. ಕೆಲವು ಪೆಡಲ್‌ಗಳಲ್ಲಿ ಕೆಲಸ ಮಾಡುತ್ತದೆ. ನಾನು ಹೇಳಿಕೊಡುವುದಿಲ್ಲ. ಹಾಗೆ ಮಾಡಿದಾಗ ಎಮಿಟರ್ ಹೋಗಿ +9 ಲೈನ್‌ಗೆ ಸೇರುತ್ತದೆ, ಗಿಟಾರ್ ಸಿಗ್ನಲ್ ಮಾತ್ರ ಮೈನಸ್ ಲೆಕ್ಕದಲ್ಲಿ ಬರುತ್ತದೆ. ಸಪ್ಲೈ ಲೈನಿನಲ್ಲಿ ಇರುವ ಒಂದೊಂದು ಕಂಪನವೂ ಸಿಗ್ನಲ್ ಅಂತಲೇ ಒಳಗೆ ನುಗ್ಗುತ್ತದೆ. ಗುಂಯ್ ಅನ್ನುವುದು, ಕಿರುಚುವುದು, ದೋಣಿ ಮೋಟರಿನ ಹಾಗೆ ಪಟಪಟ ಅನ್ನುವುದು ಇದರಿಂದಲೇ. ದೊಡ್ಡ ಕೆಪಾಸಿಟರ್ ಹಾಕಿ ಪಳಗಿಸಬಹುದು, ಇವತ್ತು ಪಳಗಿದ್ದು ನಾಳೆ ಬೇರೆ ಅಡಾಪ್ಟರಿನಲ್ಲಿ ಮತ್ತೆ ಶುರುವಾಗಬಹುದು.

ಸದ್ದು ಕೆಟ್ಟರೆ ಸಪ್ಲೈಯನ್ನು ಬಯ್ಯುವ ಮುಂಚೆ

ಎಲ್ಲ ಸರಿಯಾಗಿ ಜೋಡಿಸಿದ ಮೇಲೂ 'ಬ್ಯಾಟರಿಯಲ್ಲಿ ಚೆನ್ನಾಗಿತ್ತು, ಸಪ್ಲೈನಲ್ಲಿ ಒರಟಾಗಿದೆ' ಅನ್ನಿಸಬಹುದು. ಅರ್ಧ ಸವೆದ ಬ್ಯಾಟರಿಯ ವೋಲ್ಟೇಜ್ 8ರ ಕೆಳಗಿರುತ್ತದೆ. ನಿಮ್ಮ ಕಿವಿಗೆ ಹಿಡಿಸಿದ್ದು ಅದೇ ಇರಬಹುದು. ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್‌ನಲ್ಲಿ ಎರಡು ಔಟ್‌ಪುಟ್‌ಗಳಿಗೆ 'ಸ್ಯಾಗ್' ಅನ್ನುವ ಗುಂಡಿ ಇದೆ, 9ರಿಂದ ಸುಮಾರು 4 ವೋಲ್ಟ್‌ವರೆಗೆ ಇಳಿಸಬಹುದು. ಅಂಥದ್ದು ಇಲ್ಲದಿದ್ದರೆ ನೆಗೆಟಿವ್ ತಂತಿಯಲ್ಲಿ ಒಂದು 5 ಕಿಲೋ ಓಮ್ ಪಾಟ್ ಸೇರಿಸಿ ತಿರುಗಿಸಿ ನೋಡಿ. 2 ಕಿಲೋ ಓಮ್ ಹತ್ತಿರ ಒಂದೂವರೆ ವೋಲ್ಟ್ ಬೀಳುತ್ತದೆ. ಎಲ್‌ಇಡಿಯ ತಂತಿಯನ್ನು ಪಾಟ್‌ಗಿಂತ ಮುಂಚೆಯೇ ತೆಗೆದುಕೊಳ್ಳಿ, ಇಲ್ಲದಿದ್ದರೆ ದೀಪ ಹೊತ್ತಿದಾಗ ವೋಲ್ಟೇಜ್ ಪೂರ್ತಿ ಕುಸಿಯುತ್ತದೆ.

ಇನ್ನು ಸೆಕೆ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಸುಮ್ನೆ ಸೋರುವ ಕರೆಂಟ್ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ. 25 ಡಿಗ್ರಿಯಲ್ಲಿ ಕೂತು ಹೊಂದಿಸಿದ ಪೆಡಲನ್ನು ಏಪ್ರಿಲ್‌ನಲ್ಲಿ ಕಲಬುರಗಿಗೋ ರಾಯಚೂರಿಗೋ ಒಯ್ದು 40 ಡಿಗ್ರಿಯಲ್ಲಿ ನುಡಿಸಿದರೆ ಸೋರಿಕೆ ಎರಡೂವರೆ ಪಟ್ಟು ದಾಟಿರುತ್ತದೆ. ಬಯಾಸ್, ಅಂದರೆ ಟ್ರಾನ್ಸಿಸ್ಟರ್ ಸುಮ್ಮನಿದ್ದಾಗ ನಿಲ್ಲಬೇಕಾದ ವೋಲ್ಟೇಜ್, ಜರುಗಿ ಸ್ವರ ಮುರಿದು ಮುರಿದು ಬರುತ್ತದೆ. ಆಗ ಸಪ್ಲೈ ಬದಲಾಯಿಸಿ ಪ್ರಯೋಜನವಿಲ್ಲ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಅಳೆಯಿರಿ. ಪಿಎನ್‌ಪಿಯಲ್ಲಿ −4.5ರ ಆಸುಪಾಸು ಇರಬೇಕು. ತುಂಬಾ ಜರುಗಿದ್ದರೆ 8.2 ಕಿಲೋ ಓಮ್ ಜಾಗದಲ್ಲಿ 20 ಕಿಲೋ ಓಮ್ ಟ್ರಿಮ್ ಪಾಟ್ ಹಾಕಿಸಿಕೊಂಡು ಊರಿಗೆ ತಕ್ಕಂತೆ ತಿರುಗಿಸಿಕೊಳ್ಳುವುದು ಒಳ್ಳೆಯದು. ಪೆಡಲನ್ನು ಬಿಸಿಲಿಗೆ, ಆಂಪ್ಲಿಫೈಯರಿನ ತಲೆಯ ಮೇಲೆ ಇಡಬೇಡಿ.

ಟ್ರಾನ್ಸಿಸ್ಟರ್ ಬದಲಿಸಬೇಕಾಗಿ ಬಂದರೆ ಇಂಗ್ಲೆಂಡಿನಿಂದಲೇ ತರಿಸಬೇಕೆಂದಿಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಸಲು ಶುರು ಮಾಡಿತ್ತು. ಬಿಇಎಲ್ ಮುದ್ರೆಯ ಎಸಿ128 ನಮ್ಮ ಅಪ್ಪ ಅಜ್ಜಂದಿರ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ದುಡಿದಿದೆ. ಹಳೇ ರೇಡಿಯೋ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಈಗಲೂ ಒಂದೆರಡು ಬಿದ್ದಿರಬಹುದು, ಕೇಳಿ ನೋಡಿ. ಸೋರಿಕೆ ಮತ್ತು ಗೇನ್ ಅಳೆಯದೆ ಮಾತ್ರ ಹಾಕಬೇಡಿ.

ಗುಂಯ್ ಸದ್ದು ಬಿಡದಿದ್ದರೆ ಫಜ್‌ಗೆ ಬ್ಯಾಟರಿ ಹಾಕಿ ನೋಡಿ. ಆಗಲೂ ಇದ್ದರೆ ಸಪ್ಲೈ ನಿರಪರಾಧಿ. ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್, ಇಲ್ಲವೇ ಅರ್ಥಿಂಗ್ ಇಲ್ಲದ ಪ್ಲಗ್ ಪಾಯಿಂಟ್ ಹುಡುಕಬೇಕು. ಹಳೇ ಮನೆಗಳಲ್ಲಿ, ಶಾಮಿಯಾನದ ತಾತ್ಕಾಲಿಕ ವೈರಿಂಗ್‌ನಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ ಇರುತ್ತದೆ. ಸ್ಟ್ರಿಂಗ್ ಮುಟ್ಟಿದಾಗ ಕೈ ಜುಮ್ ಅಂದರೆ ನುಡಿಸುವುದು ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಮೊದಲ ಸಲ ಬೋರ್ಡ್ ಆನ್ ಮಾಡುವಾಗ ಈ ಕ್ರಮ ಹಿಡಿಯಿರಿ. ಆಂಪ್ಲಿಫೈಯರಿನ ವಾಲ್ಯೂಮ್ ಸೊನ್ನೆಯಲ್ಲಿರಲಿ. ಫಜ್ ಬಿಟ್ಟು ಉಳಿದ ಪೆಡಲ್‌ಗಳಿಗೆ ಕರೆಂಟ್ ಕೊಟ್ಟು ಎಲ್ಲ ಹೊತ್ತಿವೆಯಾ ನೋಡಿ. ಆಮೇಲೆ ಫಜ್‌ಗೆ ಕರೆಂಟ್. ಪ್ಯಾಚ್ ಕೇಬಲ್ ಕೊನೆಗೆ, ಉಳಿದ ಪೆಡಲ್‌ಗಳ ಎಲ್‌ಇಡಿ ಮೇಲೆ ಕಣ್ಣಿಟ್ಟುಕೊಂಡು ಸಿಕ್ಕಿಸಿ. ದೀಪ ಒಂದಿಷ್ಟು ಮಂಕಾದರೂ ತಕ್ಷಣ ಕೀಳಿ, ಔಟ್‌ಪುಟ್‌ಗಳ ಬೀಪ್ ಪರೀಕ್ಷೆಗೆ ವಾಪಸ್ ಹೋಗಿ. ಮಂಕಾಗದಿದ್ದರೆ ವಾಲ್ಯೂಮ್ ಏರಿಸಿ ನುಡಿಸಲು ಶುರು ಮಾಡಿ.